ಮೊದಲು ಪೆಲೆಟ್ಟಿನ ಡಬ್ಬಿ, ಆಮೇಲೆ ಬಂದೂಕು

ಗಿಣಿಗೇರಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಲೇಥ್ ನಡೆಸುವ ಓದುಗರೊಬ್ಬರು ಫೋನಿಗೆ ಚಿತ್ರವೊಂದನ್ನು ಕಳಿಸಿ, ‘ಸರ್, ಇದನ್ನ ತರಿಸಬೇಕಂತ ಮಾಡೀನಿ, ಹೊಸಬರಿಗೆ ಯಾವ ಸೆಟ್ ಚಲೋ ಹೇಳ್ರಿ’ ಎಂದು ಕೇಳಿದ್ದಾರೆ. ಚಿತ್ರದಲ್ಲಿದ್ದದ್ದು ಅಮೆರಿಕದ ಆರ್‌ಸಿಬಿಎಸ್ ಕಂಪನಿಯ ಹಸಿರು ಬಣ್ಣದ ಕೈಪ್ರೆಸ್ಸು, ಜೊತೆಗೆ ಅಚ್ಚುಗಳು ಮತ್ತು ಮದ್ದು ತೂಗುವ ಪುಟ್ಟ ತಕ್ಕಡಿ. ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬುವ ಸಾಮಾನು.

ದಿನವಿಡೀ ವರ್ನಿಯರ್ ಹಿಡಿದು ಕೂಡುವವರಿಗೆ ಇಂಥದ್ದನ್ನು ಕಂಡರೆ ಕೈ ತುರಿಸುವುದು ಸಹಜ. ಅಮೆರಿಕದವರು ತೋಟಾ ತುಂಬುವುದಕ್ಕೆ ಎರಡು ಕಾರಣ: ರೊಕ್ಕ ಉಳಿಯುತ್ತದೆ, ಮತ್ತು ಒಂದು ತೋಟಾ ಇನ್ನೊಂದರ ತದ್ರೂಪಾಗುತ್ತದೆ. ಗುರಿಕಾರನಿಗೆ ಎರಡನೆಯದೇ ಮುಖ್ಯ. ಮದ್ದು, ಗುಂಡು, ತೋಟಾದ ಉದ್ದ ಎಲ್ಲವೂ ಪ್ರತಿಸಲ ಒಂದೇ ಆಗಿದ್ದರೆ, ಗುರಿ ತಪ್ಪಿದ್ದು ಸಾಮಾನಿನಿಂದಲ್ಲ, ತನ್ನಿಂದಲೇ ಎಂದು ಅವನಿಗೆ ಗೊತ್ತಾಗುತ್ತದೆ.

ಆದರೆ ನಮ್ಮಲ್ಲಿ ಈ ಸೆಟ್ಟನ್ನು ತರಿಸುವ ಮಾತೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಬಂದೂಕಿಗೆ ಪಡೆದ ಲೈಸೆನ್ಸು ಈ ಕೆಲಸಕ್ಕೆ ಬರುವುದಿಲ್ಲ. ಇನ್ನೂ ಸೂಕ್ಷ್ಮ ಇರುವುದು 2ನೇ ಕಲಮಿನಲ್ಲಿ. ಮದ್ದುಗುಂಡು ಎಂದರೇನು ಎಂದು ಹೇಳುವ ಅಲ್ಲಿ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಲಾಗಿದೆ. ಅಂದರೆ ಒಂದೂ ತೋಟಾ ತುಂಬದೆ ಆ ಹಸಿರು ಪ್ರೆಸ್ಸನ್ನು ಅಟ್ಟದ ಮೇಲಿಟ್ಟರೂ ಕಾನೂನಿನ ಕಣ್ಣಿಗೆ ಅದು ಮದ್ದುಗುಂಡೇ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಸಜೆ, ಗರಿಷ್ಠ ಜೀವಾವಧಿ. ಹವ್ಯಾಸಕ್ಕೆ ಇಷ್ಟು ಬೆಲೆ ಕೊಡುವವರುಂಟೇ?

ತಾನೇ ಮದ್ದು ತುಂಬಿ ಹಾರಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದೇನಲ್ಲ. ಮಲೆನಾಡಿನ ಕೇಪಿನ ಕೋವಿಯನ್ನು ತೇಜಸ್ವಿ ಓದಿದವರೆಲ್ಲ ಬಲ್ಲರು: ನಳಿಗೆಯ ಬಾಯಿಂದ ಮದ್ದು, ಚರೆ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವುದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ನಮ್ಮ ಬಯಲುಸೀಮೆಯ ಕಥೆಯೇ ಬೇರೆ. 1857ರ ನಿಶ್ಶಸ್ತ್ರೀಕರಣದ ಕಾಯ್ದೆಗೆ ಹಲಗಲಿಯ ಬೇಡರು ತಿರುಗಿಬಿದ್ದರು. ಮರುವರ್ಷ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲೇ ಹೋರಾಡಿ ಮಡಿದ. ಆಯುಧದ ವಿಷಯದಲ್ಲಿ ಸರ್ಕಾರ ಮತ್ತು ಈ ನೆಲದ ನಡುವಿನ ಅಪನಂಬಿಕೆ ಹಳೆಯದು. ಇರಲಿ, ಅದು ಇತಿಹಾಸದ ಅಂಕಣದವರ ಪಾಲು.

ನಮ್ಮ ಲೇಥ್ ಮಿತ್ರರಿಗೆ ನಿಜವಾಗಿ ಬೇಕಾದದ್ದು ಮದ್ದಿನ ಸದ್ದಲ್ಲ, ಅಳತೆಯ ಸುಖ. ಅದು ಲೈಸೆನ್ಸಿಲ್ಲದೆಯೂ ಸಿಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು, ಅಂದರೆ 4.5 ಮಿ.ಮೀ. ನಳಿಗೆಯ, 20 ಜೂಲ್ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಒಲಿಂಪಿಕ್ಸ್‌ನಲ್ಲಿ ಬಳಸುವ ಏರ್ ರೈಫಲ್ಲಿನ ಶಕ್ತಿ ಏಳೂವರೆ ಜೂಲಿನ ಆಸುಪಾಸು, ಮಿತಿಯ ಅರ್ಧವೂ ಇಲ್ಲ. ಅಭಿನವ್ ಬಿಂದ್ರಾ 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇಂಥದ್ದೇ ರೈಫಲ್ಲಿನಲ್ಲಿ.

ಹೊಸಬರು ಬಂದೂಕಿನಿಂದ ಶುರುಮಾಡುತ್ತಾರೆ. ನಾನು ಪೆಲೆಟ್ಟಿನಿಂದ ಶುರುಮಾಡಿ ಎನ್ನುತ್ತೇನೆ. ಪೆಲೆಟ್ ಎಂದರೆ ಡಮರುಗದಂತೆ ನಡು ಸಣ್ಣಗಿರುವ ಸೀಸದ ಗುಂಡು. ಪಂದ್ಯದ ಪೆಲೆಟ್ಟಿನ ತಲೆ ಚಪ್ಪಟೆ, ಕಾಗದದಲ್ಲಿ ಪಂಚ್ ಹೊಡೆದಂತೆ ದುಂಡನೆಯ ತೂತು ಬೀಳಲೆಂದು. ಚೂಪು ತಲೆಯದು ಕಾಗದ ಹರಿಯುತ್ತದೆ, ಅಂಕ ಎಣಿಸಲು ಬರುವುದಿಲ್ಲ. ಅಂಗಡಿಯವರು ‘ಇದು ದೂರ ಹೋಗ್ತದ’ ಎಂದು ಚೂಪಿನದನ್ನೇ ಮುಂದಿಡುತ್ತಾರೆ. ನಮಗೆ ಬೇಕಾದ ದೂರ ಹತ್ತೇ ಮೀಟರ್.

ಡಬ್ಬಿಯ ಮೇಲೆ ಓದಬೇಕಾದ್ದು ಮೂರು. ತೂಕ: ರೈಫಲ್ಲಿಗೆ ಸಾಮಾನ್ಯವಾಗಿ 0.53 ಗ್ರಾಮಿನದು, ಪಿಸ್ತೂಲಿಗೆ ಅದಕ್ಕಿಂತ ತುಸು ಹಗುರದ್ದು. ತಲೆಯ ವ್ಯಾಸ: 4.49, 4.50, 4.51 ಮಿ.ಮೀ. ಹೀಗೆ ಒಂದೇ ಮಾದರಿಯಲ್ಲಿ ಬೇರೆ ಬೇರೆ ಅಳತೆ ಬರುತ್ತವೆ. ಮಿಲಿಮೀಟರಿನ ನೂರನೇ ಒಂದು ಭಾಗದ ವ್ಯತ್ಯಾಸ. ಲೇಥ್‌ನವರು ಇಲ್ಲಿ ಮುಗುಳ್ನಗಬಹುದು. ಮೂರನೆಯದು ಬ್ಯಾಚ್ ಸಂಖ್ಯೆ. ಒಂದೇ ಕಂಪನಿಯ ಒಂದೇ ಮಾದರಿಯಾದರೂ ಈ ಬ್ಯಾಚು ನಿಮ್ಮ ನಳಿಗೆಗೆ ಒಗ್ಗಿ ಮುಂದಿನದು ಒಗ್ಗದೆ ಹೋಗಬಹುದು. ಅದಕ್ಕೇ ದೊಡ್ಡ ಗುರಿಕಾರರು ರೈಫಲ್ಲನ್ನು ಕ್ಲಾಂಪಿಗೆ ಬಿಗಿದು, ಹಲವು ಬ್ಯಾಚು ಹಾರಿಸಿ ನೋಡಿ, ತೂತುಗಳು ಒಂದರ ಮೇಲೊಂದು ಬಿದ್ದ ಬ್ಯಾಚಿನ ಡಬ್ಬಿಗಳನ್ನು ರಾಶಿಯಾಗಿ ಕೊಳ್ಳುತ್ತಾರೆ. ತೋಟಾ ತುಂಬುವವನು ಪ್ರೆಸ್ಸಿನ ಮುಂದೆ ಹುಡುಕುವುದನ್ನು ಇವರು ಹೀಗೆ ಆರಿಸಿ ಪಡೆಯುತ್ತಾರೆ. ಜರ್ಮನಿಯ ಆರ್‌ಡಬ್ಲ್ಯುಎಸ್, ಎಚ್ ಅಂಡ್ ಎನ್, ಜೆಕ್ ದೇಶದ ಜೆಎಸ್‌ಬಿ ಈ ಲೋಕದ ಪರಿಚಿತ ಹೆಸರುಗಳು.

ಹೊಸಬರಿಗೆ ಇಷ್ಟೆಲ್ಲ ಬೇಕೇ? ಬೇಡ. ಒಂದೇ ಬ್ಯಾಚಿನ ಎರಡು ಮೂರು ಡಬ್ಬಿ ಒಟ್ಟಿಗೆ ತಂದರೆ ಸಾಕು. ಗಾಜಿನ ಮೇಲೆ ಒಂದೊಂದನ್ನೇ ಉರುಳಿಸಿ ಲಂಗ, ಅಂದರೆ ಹಿಂಭಾಗದ ಅಂಚು, ಸೊಟ್ಟಗಾದವನ್ನು ಬೇರೆ ತೆಗೆಯಿರಿ. ಗಂಗಾವತಿಯ ಅಕ್ಕಸಾಲಿಗರಲ್ಲಿರುವಂಥ ಮಿಲಿಗ್ರಾಂ ತಕ್ಕಡಿ ತಂದು ಡಬ್ಬಿಯ ಐನೂರನ್ನೂ ತೂಗುವ ಆಸೆ ಬರುತ್ತದೆ. ತೂಗಿ, ಭಾನುವಾರ ಚೆನ್ನಾಗಿ ಕಳೆಯುತ್ತದೆ. ಅದರಿಂದ ಅಂಕ ಹೆಚ್ಚುತ್ತದೆಂದು ಮಾತ್ರ ನಂಬಬೇಡಿ.

ಯಾಕೆಂದರೆ ಲೆಕ್ಕ ಹೀಗಿದೆ. ಏರ್ ರೈಫಲ್ ಗುರಿಯ ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ. ಪೆಲೆಟ್ಟಿನ ಅಂಚು ಚುಕ್ಕೆಗೆ ಸೋಕಿದರೂ ಹತ್ತು ಅಂಕವಾದ್ದರಿಂದ, ಪೆಲೆಟ್ಟಿನ ನಡುಬಿಂದು ಗುರಿಯ ನಡುವಿನಿಂದ ಎರಡೂವರೆ ಮಿ.ಮೀ. ಒಳಗೆ ಬೀಳಬೇಕು. ಹತ್ತು ಮೀಟರ್ ಆಚೆಯ ಆ ಎರಡೂವರೆಯನ್ನು ಮುಂದಿನ ಸೈಟಿನ ಹತ್ತಿರ ಅಳೆದರೆ ಸುಮಾರು 0.2 ಮಿ.ಮೀ. ರೈಫಲ್ಲಿನ ಮೂತಿ ಅಷ್ಟು ಅಲುಗಿದರೆ ಹತ್ತು ಹೋಗಿ ಒಂಬತ್ತು. ಉಸಿರಾಟಕ್ಕೆ, ಎದೆಬಡಿತಕ್ಕೆ ಅದಕ್ಕಿಂತ ಹೆಚ್ಚು ಅಲುಗುತ್ತದೆ. ನಿಮ್ಮ ಮೈಯೇ ಹತ್ತು ಪಟ್ಟು ತೂಗಾಡುತ್ತಿರುವಾಗ ಪೆಲೆಟ್ಟಿನ ತೂಕದ ಕೂದಲೆಳೆಯ ವ್ಯತ್ಯಾಸ ಯಾರಿಗೆ ಕಾಣಬೇಕು? ಮೊದಲ ವರ್ಷದ ಅಭ್ಯಾಸದ ಬಹುಪಾಲು ಪೆಲೆಟ್ಟಿಲ್ಲದ ಡ್ರೈ ಫೈರಿಂಗ್ ಆಗಿರಬೇಕು: ಗೋಡೆಗೆ ಅಂಟಿಸಿದ ಚುಕ್ಕೆಗೆ ಗುರಿ ಹಿಡಿದು ಟ್ರಿಗರ್ ಎಳೆಯುವುದು, ಎಳೆದ ಮೇಲೂ ಸೈಟು ಅಲ್ಲೇ ಇದೆಯೇ ನೋಡುವುದು. ಬೇಜಾರಿನ ಕೆಲಸ, ನಿಜ.

ರೈಫಲ್ಲೋ ಪಿಸ್ತೂಲೋ? ನಮ್ಮ ಭಾಗದ ಮಟ್ಟಿಗೆ ನನ್ನ ಮತ ಪಿಸ್ತೂಲಿಗೆ. ರೈಫಲ್ ಶೂಟರಿಗೆ ದಪ್ಪ ಕ್ಯಾನ್ವಾಸಿನ ಜಾಕೆಟ್ಟು, ಪ್ಯಾಂಟು, ಚಪ್ಪಟೆ ಅಡಿಯ ಬೂಟು, ಕೈಗವಸು ಬೇಕು. ಬೆನ್ನಿಗೆ ಆಸರೆಯಾಗುವ ಈ ಉಡುಪಿಲ್ಲದೆ ಪಂದ್ಯದ ಮಟ್ಟ ಮುಟ್ಟುವುದು ಕಷ್ಟ. ಅದರ ದಪ್ಪ, ಬಿಗಿತ ಅಳೆಯುವುದಕ್ಕೂ ನಿಯಮಗಳಿವೆ. ಏಪ್ರಿಲ್ ತಿಂಗಳ ಕೊಪ್ಪಳದ ಬಿಸಿಲಲ್ಲಿ, ಅದೂ ತಗಡಿನ ಸೂರಿನಡಿ, ಅದನ್ನು ತೊಟ್ಟು ಅರವತ್ತು ಗುಂಡು ಹಾರಿಸಿದವರನ್ನು ಕೇಳಿ ನೋಡಿ. ಪಿಸ್ತೂಲಿಗೆ ಇದ್ಯಾವುದೂ ಬೇಡ. ಒಂದೇ ಕೈಯಲ್ಲಿ ಚಾಚಿ ಹಿಡಿಯಬೇಕಾದ್ದರಿಂದ ಅದರ ಹತ್ತರ ವೃತ್ತ 11.5 ಮಿ.ಮೀ. ಇದೆ. ಹಾಗೆಂದು ಸುಲಭವೆಂದು ತಿಳಿಯಬೇಡಿ, ಕೈಯಲ್ಲಿ ಹಿಡಿದವರಿಗೇ ಗೊತ್ತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದದ್ದು ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ.

ಪಿಸ್ತೂಲಿನಲ್ಲಿ ನಳಿಗೆಗಿಂತ ಮೊದಲು ನೋಡಬೇಕಾದ್ದು ಹಿಡಿಕೆ. ಸಣ್ಣ, ಮಧ್ಯಮ, ದೊಡ್ಡ ಎಂದು ಅಳತೆಗಳಿವೆ. ಸರಿಹೊಂದದಿದ್ದರೆ ಮರವನ್ನು ಅರದಿಂದ ಉಜ್ಜಿ, ಪುಟ್ಟಿ ಹಚ್ಚಿ ಕೈಗೆ ಕೂರಿಸಿಕೊಳ್ಳುವುದು ವಾಡಿಕೆ. ಕಿನ್ನಾಳದಲ್ಲಿ ಕೈಪಳಗಿದ ಮರಗೆಲಸದವರಿದ್ದಾರಲ್ಲ ಎನ್ನಬೇಡಿ. ಅವರ ಬೊಂಬೆಯ ಮರ ಹಗುರ, ಮೆದು. ಹಿಡಿಕೆಗೆ ಗಟ್ಟಿ ಮರವೇ ಆಗಬೇಕು.

ಪೇಟೆಯಲ್ಲಿ ಸುಲಭಕ್ಕೆ ಸಿಗುವುದು, ಮಡಚಿ ಸ್ಪ್ರಿಂಗ್ ಏರಿಸುವ ಏರ್‌ಗನ್ನು. ತೋಟದ ಮಂಗ ಬೆದರಿಸಲೆಂದು ರೈತರು ಕೊಳ್ಳುತ್ತಾರೆ, ಜಾತ್ರೆಯಲ್ಲಿ ಬಲೂನು ಹೊಡೆಸುವ ಅಂಗಡಿಯಲ್ಲಿರುವುದೂ ಇದೇ. ಒಳಗಿನ ಪಿಸ್ಟನ್ನು ಬಡಿದಾಗ ಪೆಲೆಟ್ ನಳಿಗೆ ಬಿಡುವ ಮೊದಲೇ ಬಂದೂಕು ಅದುರುತ್ತದೆ. ಕೈ ಹಿಡಿತ ಚೂರು ಬದಲಾದರೂ ಗುಂಡು ಬೇರೆ ಕಡೆ. ಪೆಲೆಟ್ಟಿಲ್ಲದೆ ಹಾರಿಸಿದರೆ ಪಿಸ್ಟನ್ನೂ ಹಾಳು, ಹಾಗಾಗಿ ಡ್ರೈ ಫೈರಿಂಗ್ ಕೂಡ ಆಗದು. ಪಂದ್ಯಕ್ಕೆ ಬೇಕಾದ್ದು ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬುವ ಪಿಸಿಪಿ. ಸ್ಟೈರ್, ಮೊರಿನಿ, ವಾಲ್ಥರ್, ಫೈನ್‌ವೆರ್ಕ್‌ಬೌ ಮುಂತಾದ ವಿದೇಶಿ ಬಂದೂಕುಗಳ ಬೆಲೆ ಲಕ್ಷಗಳಲ್ಲಿ. ದೇಶದಲ್ಲೇ ತಯಾರಾದವೂ ಈಗ ಸಿಗುತ್ತವೆ, ಕಲಿಯಲು ಧಾರಾಳ ಸಾಕು. ಹಳೆಯದನ್ನು ಕೊಳ್ಳುವುದಾದರೆ ಸಿಲಿಂಡರಿನ ಮೇಲೆ ಕೊರೆದ ದಿನಾಂಕ ಓದದೆ ರೊಕ್ಕ ಬಿಚ್ಚಬೇಡಿ. ಪಂದ್ಯದಲ್ಲಿ ಹತ್ತು ವರ್ಷ ದಾಟಿದ ಸಿಲಿಂಡರ್ ಬಳಸಲು ಬಿಡುವುದಿಲ್ಲ. ಮಾರುವವರು ಬಂದೂಕು ಹೊಸದರಂತೆ ಇದೆ ಎನ್ನುತ್ತಾರೆ, ಇರುತ್ತದೆ ಕೂಡ. ಸಿಲಿಂಡರ್ ಮಾತ್ರ ತೀರಿಹೋಗಿರುತ್ತದೆ.

ಇನ್ನೂ ಒಳ್ಳೆಯದು, ಮೊದಲ ಕೆಲವು ತಿಂಗಳು ಏನನ್ನೂ ಕೊಳ್ಳದಿರುವುದು. ಗಿಣಿಗೇರಾದಿಂದ ಗದಗಿನ ಮೇಲೆ ಹುಬ್ಬಳ್ಳಿಗೆ ರೈಲಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಆಟ ಬೇರೂರಿದೆ. ಆ ಅವಳಿ ನಗರದ ಶ್ರೀಹರ್ಷ ದೇವರಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ವರೆಗೆ ಹೋಗಿ ಏರ್ ರೈಫಲ್ ಹಿಡಿದವರು. ಅಲ್ಲಿನ ಶೂಟಿಂಗ್ ತರಬೇತಿ ಕೇಂದ್ರದ ಬಂದೂಕಿನಲ್ಲೇ ಕಲಿತು, ಕೈಗೆ ಯಾವುದು ಒಗ್ಗುತ್ತದೆಂದು ತಿಳಿದ ಮೇಲೆ ಕೊಂಡರೆ ತಪ್ಪು ಸಾಮಾನು ಮನೆಗೆ ಬರುವುದಿಲ್ಲ. ಸೈಟಿನ ಕ್ಲಿಕ್ಕು ತಿರುಗಿಸುವುದನ್ನೂ ಅಲ್ಲೇ ಕಲಿತುಬಿಡಿ. ಬೀಜಿಂಗ್ ಫೈನಲ್‌ಗೆ ಮುಂಚಿನ ಸೈಟಿಂಗ್ ಗುಂಡುಗಳಲ್ಲಿ ಬಿಂದ್ರಾ ಅವರ ಮೊದಲ ಗುಂಡು ನಡುವಿನಿಂದ ಎಲ್ಲೋ ದೂರ ಬಿದ್ದಿತ್ತು, ಯಾರೋ ಸೈಟು ಕದಲಿಸಿದಂತೆ. ಇದ್ದ ಕೆಲವೇ ನಿಮಿಷದಲ್ಲಿ ಅದನ್ನು ತಿರುಗಿಸಿ ಸರಿಮಾಡಿಕೊಂಡರು. ಫೈನಲ್ಲಿನ ಕೊನೆಯ ಗುಂಡಿಗೆ 10.8 ಅಂಕ.

ಮನೆಯಲ್ಲಿ ಹೊಡೆಯುವ ಜಾಗ ಮಾಡುವುದರಲ್ಲಿ ನಮ್ಮ ಓದುಗರೇ ನನಗಿಂತ ಮುಂದೆ. ಹತ್ತು ಮೀಟರ್ ಉದ್ದ, ಯಾರೂ ನಡುವೆ ಬಾರದ ಜಾಗ, ಹಿಂದೆ ಗಟ್ಟಿ ಗೋಡೆ, ನೆಲದಿಂದ 1.4 ಮೀಟರ್ ಎತ್ತರಕ್ಕೆ ಗುರಿಯ ಕಾಗದ, ಅದರ ಮೇಲೆ ಒಳ್ಳೆಯ ಬೆಳಕು. ಕಾಗದದ ಹಿಂದಿನ ಪೆಲೆಟ್ ಪೆಟ್ಟಿಗೆಯನ್ನು ಗಿಣಿಗೇರಾದಂಥ ಉಕ್ಕಿನ ಊರಿನಲ್ಲಿ ಅಂಗಡಿಯಿಂದ ಕೊಳ್ಳುವುದು ನಾಚಿಕೆಗೇಡು. ಗುಜರಿ ಪ್ಲೇಟು ತಂದು ಮೇಲಂಚು ಶೂಟರ್ ಕಡೆಗೆ ಬಾಗುವಂತೆ 45 ಡಿಗ್ರಿ ಓರೆಯಲ್ಲಿ ವೆಲ್ಡ್ ಮಾಡಿ, ಪೆಲೆಟ್ ಕೆಳಕ್ಕೆ ಪುಟಿದು ಪೆಟ್ಟಿಗೆಯಲ್ಲೇ ಬೀಳುತ್ತದೆ. ಪ್ಲೇಟನ್ನು ನೆಟ್ಟಗೆ ನಿಲ್ಲಿಸಿದರೆ ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಜೊತೆಯಲ್ಲಿ ನಿಂತವರಿಗೂ ಕನ್ನಡಕ ಹಾಕಿಸಿ. ಊರ ಕೆರೆಗೆ ಬರುವ ಹಕ್ಕಿಗಳತ್ತ ಮೂತಿ ತಿರುಗಿಸುವ ಚಪಲವಿದ್ದರೆ ಈ ಹವ್ಯಾಸಕ್ಕೇ ಬರಬೇಡಿ. 1972ರ ವನ್ಯಜೀವಿ ಕಾಯ್ದೆಗೆ ಬಂದೂಕು ಯಾವ ಜಾತಿಯದೆಂಬ ಭೇದವಿಲ್ಲ.

ಸೀಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಊಟಕ್ಕೆ ಕೂರಬಾರದು, ಪೆಟ್ಟಿಗೆ ಮಕ್ಕಳ ಕೈಗೆ ಸಿಗಬಾರದು. ಅದರಲ್ಲಿ ಜಮೆಯಾದ ಸೀಸವನ್ನು ಮನೆಯಲ್ಲೇ ಕರಗಿಸಿ ಎರಕ ಹೊಯ್ಯುವ ಯೋಚನೆ ಲೇಥ್‌ನವರಿಗೆ ಬಂದೇ ಬರುತ್ತದೆ. ಆ ಹೊಗೆ ಒಳ್ಳೆಯದಲ್ಲ, ಹೊಯ್ದದ್ದು ನಳಿಗೆಗೆ ಹೊಂದುವುದೂ ಇಲ್ಲ. ಗುಜರಿಗೆ ಹಾಕಿ, ಬಂದ ರೊಕ್ಕಕ್ಕೆ ಗುರಿಯ ಕಾಗದ ತನ್ನಿ.