ನಿಂತ ಚಿತ್ರದ ಪರವಾಗಿ

ಹಳೆಯ ಜಪಾನಿ ಅನಿಮೆ ನೋಡಬೇಕೆಂದು ಯಾರಾದರೂ ಆಸೆಪಟ್ಟರೆ ಸಾಕು, ಬಲ್ಲವರ ಬಾಯಿಂದ ಒಂದೇ ತೀರ್ಪು ಹೊರಬೀಳುತ್ತದೆ: ‘ಕೌಬಾಯ್ ಬಿಬಾಪ್’ನಿಂದ ಶುರುಮಾಡಿ, ಆಮೇಲೆ ‘ಇವಾಂಗೆಲಿಯನ್’, ನಡುವೆ ಮಿಯಾಜಾಕಿಯ ಒಂದೆರಡು ಸಿನಿಮಾ, ಅದಕ್ಕಿಂತ ಹಿಂದಿನ ಟೀವಿ ಸರಣಿಗಳ ತಂಟೆಗೆ ಹೋಗಬೇಡಿ. ಕಾರಣವೂ ಸಿದ್ಧವಾಗಿಯೇ ಇರುತ್ತದೆ. ಎಪ್ಪತ್ತರ ದಶಕದವು ಕಾಸಿಲ್ಲದವರ ಕೆಲಸ, ಚಿತ್ರ ಅಲ್ಲಾಡುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತದೆ, ಒಂದೇ ನೋಟ ಮೂರು ಸಲ ಬರುತ್ತದೆ, ಹೊಸಬರು ಎರಡನೇ ಕಂತಿಗೆ ಎದ್ದುಹೋಗುತ್ತಾರೆ. ಇಂಥ ಶಿಫಾರಸಿನ ಪಟ್ಟಿಗಳಲ್ಲಿ ಅನಿಮೆಯ ಅಭಿಜಾತ ಯುಗ ತೊಂಬತ್ತರ ದಶಕದ ನಡುವಿನಲ್ಲಿ ಹುಟ್ಟಿ ಅದರ ಕೊನೆಗೇ ಮುಗಿಯುತ್ತದೆ.

ಈ ತೀರ್ಪಿನಲ್ಲಿ ಅರ್ಧ ಇತಿಹಾಸವಿದೆ. ಅದಕ್ಕೇ ಇಷ್ಟು ಕಾಲ ಬಾಳಿಕೆ ಬಂದಿದೆ. 1963ರ ಜನವರಿ 1ರಂದು ಫುಜಿ ಟೀವಿಯಲ್ಲಿ ‘ತೆತ್ಸುವಾನ್ ಆಟಮ್’ ಶುರುವಾದಾಗ ಒಸಾಮು ತೆಜುಕಾ ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡುವ ಹುಚ್ಚು ಸಾಹಸಕ್ಕೆ ಇಳಿದಿದ್ದರು. ಅದೂ ತಯಾರಿಕೆಯ ಖರ್ಚು ಹುಟ್ಟದ ಬೆಲೆಗೆ. ಸೆಕೆಂಡಿಗೆ 24 ಫ್ರೇಮ್ ಓಡುವಲ್ಲಿ ಎಂಟೇ ಚಿತ್ರ ಬರೆಯುವುದು, ಒಮ್ಮೆ ಬಣ್ಣ ಹಚ್ಚಿದ ಪಾರದರ್ಶಕ ಹಾಳೆಯನ್ನು, ಅಂದರೆ ಸೆಲ್ಲನ್ನು, ಎತ್ತಿಟ್ಟು ಮುಂದಿನ ಕಂತುಗಳಲ್ಲಿ ಮತ್ತೆ ಬಳಸುವುದು, ಮುಖವನ್ನು ಹಾಗೇ ಇಟ್ಟು ಬಾಯಷ್ಟನ್ನೇ ಆಡಿಸುವುದು: ತೆಜುಕಾರ ಸ್ಟುಡಿಯೋ ಮುಷಿ ಪ್ರೊಡಕ್ಷನ್ಸ್ ಈ ಒಳದಾರಿಗಳನ್ನು ಹಿಡಿದದ್ದು ಹೊಟ್ಟೆಪಾಡಿಗೆ. ತೋಯೆ ಸ್ಟುಡಿಯೋದ ಪೂರ್ಣಪ್ರಮಾಣದ ಚಿತ್ರಗಳಲ್ಲಿ ಕೈ ಪಳಗಿಸಿಕೊಂಡ ಮಿಯಾಜಾಕಿ ಇದನ್ನು ಕೊನೆಗೂ ಕ್ಷಮಿಸಲಿಲ್ಲ. 1989ರಲ್ಲಿ ತೆಜುಕಾ ತೀರಿಕೊಂಡಾಗ ಎಲ್ಲರೂ ಅಶ್ರುತರ್ಪಣದಲ್ಲಿದ್ದರೆ ಅವರು ಬರೆದದ್ದು ದೋಷಾರೋಪ. ಮುಷಿ ಅಷ್ಟರಲ್ಲಿ 1973ರಲ್ಲೇ ದಿವಾಳಿಯಾಗಿತ್ತು.

ಆದರೆ ಬಡತನದಲ್ಲಿ ಹುಟ್ಟಿದ್ದೆಲ್ಲ ಬಡಕಲಾಗಿಯೇ ಇರಬೇಕೆಂದು ಯಾರು ಹೇಳಿದರು? ಮುಷಿಯಲ್ಲೇ, ‘ಆಟಮ್’ನ ಕೆಲಸದ ನಡುವೆಯೇ ಬೆಳೆದ ಒಬ್ಬ ಮನುಷ್ಯ ಈ ಕೊರತೆಯನ್ನು ಕಲೆಯಾಗಿ ತಿರುಗಿಸಿದ. ಆತನ ಹೆಸರು ಹೊಸಬರಿಗೆ ಕೊಡುವ ಪಟ್ಟಿಗಳಲ್ಲಿ ಹುಡುಕಿದರೂ ಸಿಗದು.

ಒಸಾಮು ದೆಜಾಕಿ ಹುಟ್ಟಿದ್ದು 1943ರಲ್ಲಿ, ಟೋಕಿಯೊದಲ್ಲಿ. ಶಾಲಾದಿನಗಳಲ್ಲೇ ಮಾಂಗಾ ಬರೆಯುತ್ತಿದ್ದ ಹುಡುಗ 1963ರಲ್ಲಿ ಮುಷಿ ಸೇರಿದ, 26ನೇ ವಯಸ್ಸಿಗೆ ‘ಅಶಿತಾ ನೊ ಜೋ’ದ ಮುಖ್ಯ ನಿರ್ದೇಶಕನಾದ. ಆ ಕಾಲದಲ್ಲಿ ಅದು ಕೆಂಡ ಹಿಡಿಯುವ ಕೆಲಸ. ಇಕ್ಕಿ ಕಜಿವಾರಾ ಬೇರೆ ಹೆಸರಿನಲ್ಲಿ ಬರೆದು ತೆತ್ಸುಯಾ ಚಿಬಾ ಚಿತ್ರಿಸಿದ ಆ ಬಾಕ್ಸಿಂಗ್ ಮಾಂಗಾದಲ್ಲಿ ಜೋನ ಎದುರಾಳಿ ರಿಕಿಶಿ ಸತ್ತಾಗ, ಕವಿ-ನಾಟಕಕಾರ ಶೂಜಿ ತೆರಾಯಾಮಾ 1970ರ ಮಾರ್ಚ್ 24ರಂದು ಪ್ರಕಾಶಕರಾದ ಕೋದಾನ್ಶಾದ ಕಟ್ಟಡದಲ್ಲಿ ಅವನಿಗೆ ನಿಜವಾದ ಶವಸಂಸ್ಕಾರ ಮಾಡಿಸಿದರು. ಸುಮಾರು 700 ಜನ ಬಂದಿದ್ದರು. ಮಾರ್ಚ್ 31ರಂದು ವಿಮಾನ ಅಪಹರಿಸಿ ಉತ್ತರ ಕೊರಿಯಾಕ್ಕೆ ಹೊರಟ ರೆಡ್ ಆರ್ಮಿ ಎಂಬ ಎಡಪಂಥೀಯ ಗುಂಪಿನ ಯುವಕರು ತಮ್ಮನ್ನು ಕರೆದುಕೊಂಡದ್ದು ಇದೇ ಜೋನ ಹೆಸರಿನಿಂದ. ಅದರ ಮರುದಿನ, ಏಪ್ರಿಲ್ 1ರಂದು, ಸರಣಿ ಟೀವಿಗೆ ಬಂತು. ಶೀರ್ಷಿಕೆ ಗೀತೆ ತೆರಾಯಾಮಾರದ್ದೇ. ಇಂಥ ಕಥೆಯನ್ನು ಯಾರು ಮಾಡಿದ್ದರೂ ಒಂದಷ್ಟು ಓಡುತ್ತಿತ್ತು. ದೆಜಾಕಿ ಮಾಡಿದ್ದರಿಂದ ಅರ್ಧ ಶತಮಾನ ದಾಟಿದರೂ ಅದು ಚುಚ್ಚುತ್ತದೆ.

ಕೂಲಿಕಾರರ ಕೊಳಚೆ ಕೇರಿ, ಕುಡುಕ ತರಬೇತುದಾರ ದಾನ್ಪೆ, ಬಾಲಾಪರಾಧಿಗಳ ಸೆರೆಮನೆಯಲ್ಲಿರುವ ಜೋಗೆ ಅವನು ಕಾರ್ಡಿನಲ್ಲಿ ಬರೆದು ಕಳಿಸುವ ಹೊಡೆತದ ಪಾಠಗಳು: ಇವೆಲ್ಲ ಮೂಲದಲ್ಲೇ ಇವೆ. ರಿಕಿಶಿ ಜೋನ ತೂಕದ ವರ್ಗಕ್ಕಿಳಿಯಲು ಅನ್ನ ನೀರು ಬಿಡುವ ಭಾಗವೂ ಮೂಲದ್ದೇ. ಬಾಯಾರಿಕೆಯಿಂದ ಅರೆಹುಚ್ಚನಾದವನಿಗೆ ಯೋಕೊ ಎಂಬ ಹುಡುಗಿ ಒಂದು ಲೋಟ ಬಿಸಿನೀರು ತಂದುಕೊಡುತ್ತಾಳೆ. ಅವನು ಕೃತಜ್ಞತೆ ಹೇಳಿ ಅದನ್ನು ನೆಲಕ್ಕೆ ಚೆಲ್ಲುತ್ತಾನೆ. ಸರಾಗವಾಗಿ ಚಲಿಸುವ ಚಿತ್ರಕ್ಕೆ ಇಲ್ಲಿ ಮಾಡುವುದೇನೂ ಇಲ್ಲ. ಕುಡಿಯಬೇಕೆಂಬ ದೇಹ, ಕುಡಿಯಲಾರೆನೆಂಬ ಮನಸ್ಸು, ನಡುವೆ ಒಂದು ಲೋಟ. ಅದನ್ನು ಹೆಚ್ಚು ಆಡಿಸಿದಷ್ಟೂ ಕೆಡುತ್ತದೆ. ಕೈ ಕಟ್ಟಿಹಾಕಿದ್ದ ಬಜೆಟ್ಟು ದೆಜಾಕಿಗೆ ಕಲಿಸಿದ್ದು ಇದನ್ನೇ.

‘ಜೋ’ದಲ್ಲಿ ಒರಟಾಗಿದ್ದ ಈ ಭಾಷೆ 1973ರ ‘ಏಸ್ ವೊ ನೆರಾಯೆ’ ಎಂಬ ಟೆನಿಸ್ ಸರಣಿಯಲ್ಲಿ, 1977ರ ‘ಇಯೆ ನಾಕಿ ಕೊ’ದಲ್ಲಿ ಪಳಗಿತು. ಪಾತ್ರದ ಬದುಕು ತಿರುಗುವ ಕ್ಷಣದಲ್ಲಿ ಚಿತ್ರ ನಿಲ್ಲುತ್ತದೆ. ನಿಂತದ್ದು ಸೆಲ್ಲಿನ ಚಪ್ಪಟೆ ಬಣ್ಣದಲ್ಲಿ ಉಳಿಯುವುದಿಲ್ಲ, ಹಿನ್ನೆಲೆ ಬರೆಯುವ ಕಲಾವಿದರು ಅದನ್ನು ಕುಂಚದಿಂದ ಪೂರ್ತಿ ವರ್ಣಚಿತ್ರವಾಗಿ ಮತ್ತೆ ಬರೆಯುತ್ತಾರೆ. ಅನಿಮೆಯ ಕಸುಬಿನವರು ಇದನ್ನು ‘ಹಾರ್ಮನಿ’ ಎನ್ನುತ್ತಾರೆ. ಕ್ಯಾಮೆರಾ ಒಂದೇ ಚಿತ್ರದ ಮೇಲೆ ಮೂರು ಸಲ ಸರಿಯುವುದು, ಮೂಲೆಯಿಂದ ಓರೆಯಾಗಿ ನುಗ್ಗುವ ಬೆಳಕು, ಪರದೆಯನ್ನು ಸೀಳಿ ಎರಡು ಮುಖಗಳನ್ನು ಎದುರುಬದುರು ಇಡುವುದು ಅದರ ಜೊತೆಗಾರರು. ಪಾತ್ರಗಳಿಗೆ ರೂಪ ಕೊಟ್ಟ ಅಕಿಯೊ ಸುಗಿನೊ, ಹಿನ್ನೆಲೆಯ ಶಿಚಿರೊ ಕೊಬಯಾಶಿ ಇಲ್ಲದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಇದನ್ನು ಕಾಸು ಉಳಿಸುವ ಉಪಾಯ ಎನ್ನುವವರು ಒಮ್ಮೆ ಕಬುಕಿ ರಂಗದತ್ತ ನೋಡಬೇಕು. ಅಲ್ಲಿ ಕಥೆ ಕುದಿಯುವ ಕಡೆ ನಟ ಕೈಕಾಲು ಬಿಗಿದು, ಕಣ್ಣು ಹೊರಳಿಸಿ ನಿಂತುಬಿಡುತ್ತಾನೆ. ಪಕ್ಕದಲ್ಲಿ ಮರದ ತುಂಡುಗಳು ಹಲಗೆಗೆ ಪಟಪಟ ಬಡಿಯುತ್ತವೆ. ತಿಳಿದ ಪ್ರೇಕ್ಷಕರು ನಟನ ಮನೆತನದ ಹೆಸರು ಹಿಡಿದು ಕೂಗುತ್ತಾರೆ. ಆ ನಿಲುವಿಗೆ ‘ಮಿಯೆ’ ಎಂದು ಹೆಸರು. ನಟ ಯಾಕೆ ಅಲ್ಲಾಡುತ್ತಿಲ್ಲ, ಸಂಬಳ ಕಡಿಮೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸಂಚಾರಿ ಭಾವಗಳು ಬಂದುಹೋಗುತ್ತವೆ, ಸ್ಥಾಯಿ ನಿಲ್ಲುತ್ತದೆ ಎಂಬ ಲೆಕ್ಕಾಚಾರದಲ್ಲಿ ಬೆಳೆದ ನಮ್ಮ ಓದುಗರಿಗೂ ಇದು ಹೊಸ ವಿಷಯವಾಗಬಾರದು.

ದೆಜಾಕಿಯ ಪರ ವಾದಿಸುವವರು ಕೊನೆಗೆ ಬಂದು ನಿಲ್ಲಬೇಕಾದದ್ದು ‘ವರ್ಸೇಲ್ಸ್‌ನ ಗುಲಾಬಿ’ಯ ಮುಂದೆ. ರಿಯೊಕೊ ಇಕೆದಾ 1972-73ರಲ್ಲಿ ಬರೆದ ಮಾಂಗಾ, 1979ರ ಅಕ್ಟೋಬರಿನಿಂದ 40 ಕಂತುಗಳ ಸರಣಿಯಾಯಿತು. ಗಂಡಿನಂತೆ ಬೆಳೆಸಲ್ಪಟ್ಟ ಆಸ್ಕರ್, ರಾಣಿ ಮರಿ ಆಂತ್ವಾನೆತ್‌ಳ ಕಾವಲುಪಡೆಯ ನಾಯಕಿ. ಅವಳ ನೆರಳಾಗಿ ಬೆಳೆದ ಆಂದ್ರೆ. ಸುತ್ತ ಕುಸಿಯುತ್ತಿರುವ ಫ್ರಾನ್ಸ್. ಮೊದಲ ಭಾಗ ತದಾವೊ ನಗಾಹಾಮಾರ ಕೈಯಲ್ಲಿತ್ತು. ಅದು ಮೂಲಕ್ಕೆ ನಿಷ್ಠ, ಬಣ್ಣಬಣ್ಣ, ಕಣ್ಣುಗಳಲ್ಲಿ ನಕ್ಷತ್ರ, ಒಟ್ಟಿನಲ್ಲಿ ಸೊಗಸಾದ ಕ್ಯಾಲೆಂಡರ್. 19ನೇ ಕಂತಿನಿಂದ ದೆಜಾಕಿ ಬಂದರು. ಗಾಳಿಯೇ ಬದಲಾಯಿತು. ನೆರಳು ದಟ್ಟವಾಯಿತು, ಪಾತ್ರಗಳು ಬೆನ್ನು ತಿರುಗಿಸಿ ಮಾತಾಡತೊಡಗಿದವು, ಸೇನ್ ನದಿಯ ದಡದಲ್ಲಿ ಮಾಂಗಾದಲ್ಲಿಲ್ಲದ ಒಬ್ಬ ಅಕಾರ್ಡಿಯನ್ ಹಾಡುಗಾರ ಬಂದು ಕುಳಿತ. ಅರಮನೆಯ ಕಥೆಗೆ ಮೊದಲ ಬಾರಿಗೆ ಬೀದಿ ಸಿಕ್ಕಿತು. ಬಾಸ್ತೀಲ್ ಕೋಟೆಯ ದಿನ ಆಸ್ಕರ್ ಸಾಯುವ ಕಂತುಗಳನ್ನು ನೋಡಿದವರಿಗೆ, ನಗಾಹಾಮಾರ ಅರ್ಧ ಬೇರೆ ಯಾವುದೋ ಸರಣಿಯ ಮುನ್ನುಡಿಯಂತೆ ತೋರುತ್ತದೆ. ಮೂಲಕ್ಕೆ ದ್ರೋಹ ಎಂದು ಗೊಣಗುವವರು ಇದ್ದಾರೆ. ಗೊಣಗಲಿ. ಮೂಲನಿಷ್ಠೆ ದೊಡ್ಡ ಗುಣ, ಆದರೆ ಅದು ಸಣ್ಣ ನಿರ್ದೇಶಕರಿಗೆ ಹೇಳಿಮಾಡಿಸಿದ ಗುಣ.

2025ರಲ್ಲಿ ಮಾಪ್ಪಾ ಸ್ಟುಡಿಯೋ ಇದೇ ಕಥೆಯನ್ನು ಸಿನಿಮಾ ಮಾಡಿತು. ನಲವತ್ತು ಕಂತಿನ ಬದುಕು ಎರಡು ಗಂಟೆಯ ಆಸುಪಾಸಿಗೆ ಇಳಿಯಿತು, ಉಳಿದ ಸಂದುಗಳಿಗೆಲ್ಲ ಹಾಡು ತುಂಬಿತು. ಹೊಳಪಿಗೆ ಕೊರತೆಯಿಲ್ಲ, ಕೂದಲು ಒಂದೊಂದಾಗಿ ಹಾರುತ್ತದೆ. ಎಲ್ಲವೂ ಚಲಿಸುವುದರಿಂದ ಯಾವುದೂ ನೋಡುಗರ ಎದೆಗೆ ಬಂದು ಕೂರುವುದಿಲ್ಲ. ಹೊಸಬರಿಗೆ ಈಗ ಇದನ್ನೇ ಮೊದಲು ಕೊಡುವವರೂ ಇದ್ದಾರೆ.

ತಮಾಷೆಯೆಂದರೆ, ನಿಂತ ಚಿತ್ರ ಸೋಮಾರಿತನ ಎನ್ನುವವರೇ ‘ಇವಾಂಗೆಲಿಯನ್’ನ 24ನೇ ಕಂತಿಗೆ ಕೈಮುಗಿಯುತ್ತಾರೆ. ಯಂತ್ರದ ಮುಷ್ಟಿಯಲ್ಲಿ ಕಾವೊರು ಎಂಬ ಹುಡುಗ, ಹಿನ್ನೆಲೆಯಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿ, ಒಂದು ನಿಮಿಷದಷ್ಟು ಹೊತ್ತು ಏನೂ ಕದಲುವುದಿಲ್ಲ. 1996ರಲ್ಲಿ ಅದು ಧೈರ್ಯ, 1973ರಲ್ಲಾದರೆ ದಾರಿದ್ರ್ಯ! ಅದರ ನಿರ್ದೇಶಕ ಅನ್ನೊಗೆ ತನ್ನ ಸಾಲದ ಬಗ್ಗೆ ಸಂಕೋಚವಿರಲಿಲ್ಲ: 1988ರಲ್ಲಿ ನಿರ್ದೇಶಿಸಿದ ‘ಟಾಪ್ ವೊ ನೆರಾಯೆ’ಯ ಹೆಸರಿನಲ್ಲೇ ದೆಜಾಕಿಯ ಟೆನಿಸ್ ಸರಣಿಯಿದೆ. ನಿರ್ದೇಶಕ ಮಮೊರು ಒಶಿಯಿ ಕೂಡ ಅದೇ ‘ಏಸ್’ನ 1979ರ ಸಿನಿಮಾವನ್ನು ಮತ್ತೆ ಮತ್ತೆ ನೋಡಿ ಪಾಠ ಕಲಿತವರು. ಶಿಷ್ಯರನ್ನು ಗರ್ಭಗುಡಿಯಲ್ಲಿಟ್ಟು ಗುರುವನ್ನು ಹೊರಗೆ ನಿಲ್ಲಿಸುವ ಈ ಪಟ್ಟಿಗಳಿಗೆ ಅಭಿಜಾತ ಎಂಬ ಮಾತು ಬಳಸುವ ಹಕ್ಕಾದರೂ ಎಲ್ಲಿಂದ ಬಂತು?

ಹಳೆಯದನ್ನೂ ಬಲ್ಲ ಸಜ್ಜನರು ಇಲ್ಲಿ ನಿರ್ದೇಶಕ ತಕಾಹಾತಾರ ಹೆಸರೆತ್ತುತ್ತಾರೆ. 1974ರ ‘ಹೈಡಿ’ಗಾಗಿ ಅವರ ತಂಡ ಸ್ವಿಟ್ಜರ್ಲೆಂಡಿಗೆ ಹೋಗಿ ಬಂತು, ಬೆಂಕಿಯ ಮುಂದೆ ಚೀಸ್ ಕರಗುವುದನ್ನು ಅಷ್ಟು ಶ್ರದ್ಧೆಯಿಂದ ಅದುವರೆಗೆ ಯಾರೂ ಬರೆದಿರಲಿಲ್ಲ, ಅದೇ ಹೊತ್ತಿಗೆ ಬೇರೆ ಚಾನೆಲ್ಲಿನಲ್ಲಿ ಶುರುವಾದ ‘ಯಾಮಾತೊ’ವನ್ನು ಅದು ಮಣ್ಣುಮುಕ್ಕಿಸಿತು. ಒಪ್ಪಬೇಕಾದ್ದೇ. ಆದರೂ ಆ ಮೆಚ್ಚುಗೆಯಲ್ಲಿ ಏನೋ ಶಾಲಾ ಬಹುಮಾನದ ವಾಸನೆಯಿದೆ: ಆರೋಗ್ಯಕರ, ಮನೆಮಂದಿಯೆಲ್ಲ ಕೂತು ನೋಡಬಹುದಾದ್ದು. ‘ಗುಂಡಮ್’ಗೆ ಅದರದೇ ಭಕ್ತರಿದ್ದಾರೆ, ಆಟಿಕೆಗಳ ಅಂಗಡಿಗಳೂ ಇವೆ; ಅದರ ಜನಕ ತೊಮಿನೊ ಒಂದು ಕಾಲಕ್ಕೆ ‘ಜೋ’ಗೆ ಸ್ಟೋರಿಬೋರ್ಡ್ ಬರೆದವರು ಎಂಬಷ್ಟು ಹೇಳಿ ಮುಂದೆ ಹೋಗಬಹುದು.

ನಿಜವಾದ ಜಗಳ ಇರುವುದು ಹೊಸಬರ ಹೆಸರಿನಲ್ಲಿ ಹೆದರುವವರ ಜೊತೆ. ಹೊಸಬರಿಗೆ ಸಹನೆಯಿಲ್ಲ, ಹೊಸಬರಿಗೆ ಹಳೆಯ ಬಣ್ಣ ಒಗ್ಗದು, ಹೊಸಬರಿಗೆ ಮೊದಲು ಸಿಹಿ ಕೊಡಬೇಕು. ಕನ್ನಡದಲ್ಲೂ ಈ ಚಾಳಿ ಉಂಟು. ‘ಕರ್ವಾಲೊ’ ಓದಿಸಿ, ‘ಮಲೆಗಳಲ್ಲಿ ಮದುಮಗಳು’ ಕಡೆ ಕಣ್ಣೆತ್ತದಂತೆ ಕಾಯುವ ಹಿರಿಯರನ್ನು ಯಾರು ಕಂಡಿಲ್ಲ? ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ‘ಜಂಗಲ್ ಬುಕ್’ ತೋರಿಸುತ್ತಿತ್ತು. ಅದು ನಿಪ್ಪಾನ್ ಅನಿಮೇಷನ್ ತಯಾರಿಸಿದ 52 ಕಂತುಗಳ ಜಪಾನಿ ಸರಣಿ. ಮಾತು ಹಿಂದಿ, ಮುನ್ನುಡಿ ಇಲ್ಲ, ಮಾರ್ಗದರ್ಶಿ ಇಲ್ಲ, ಹಿಂದಿ ಸರಿಯಾಗಿ ಬಾರದ ಕರ್ನಾಟಕದ ಹಳ್ಳಿಗಳ ಮಕ್ಕಳೂ ಪಕ್ಕದ ಮನೆಯ ಟೀವಿ ಮುಂದೆ ಹೋಗಿ ಕೂತರು. ಅದು ಜಪಾನಿನದು ಎಂದು ಅವರಲ್ಲಿ ಬಹಳ ಮಂದಿಗೆ ತಿಳಿದದ್ದು ದೊಡ್ಡವರಾದ ಮೇಲೆ. ಶಿಫಾರಸಿನವರು ಅಂದುಕೊಂಡಷ್ಟು ಬಡಪಾಯಿ ಪ್ರಾಣಿಯಲ್ಲ ಹೊಸ ನೋಡುಗ.

ಕೆಟ್ಟಿರುವುದು ಬೇರೆ. ಜಪಾನಿನಲ್ಲೇ 2022ರಲ್ಲಿ ತೊಯೊಶಿ ಇನಾದಾ ಎಂಬ ಬರಹಗಾರರು ಸಿನಿಮಾಗಳನ್ನು ವೇಗ ಹೆಚ್ಚಿಸಿಕೊಂಡು ನೋಡುವವರ ಬಗ್ಗೆಯೇ ಒಂದು ಪುಸ್ತಕ ಬರೆದರು. ಒಂದೂವರೆ ಪಟ್ಟು ವೇಗದಲ್ಲಿ ಕಥೆ ತಿಳಿಯುತ್ತದೆ, ಸಂಭಾಷಣೆ ಕೇಳಿಸುತ್ತದೆ, ಹೊಡೆದಾಟವಂತೂ ಇನ್ನೂ ಚೆನ್ನಾಗಿ ಕಾಣಬಹುದು. ಆ ವೇಗದಲ್ಲಿ ಮೊದಲು ಸಾಯುವುದು ದೆಜಾಕಿಯ ನಿಲುಗಡೆ. ಅವರು ನಿಲ್ಲಿಸಿದ ಜಾಗವನ್ನು ನೋಡುಗ ಓಡಿಸಿಕೊಂಡು ದಾಟಿದರೆ, ಉಳಿಯುವುದು ಹಳೆಯ ಬಣ್ಣ ಮತ್ತು ಕಡಿಮೆ ಚಲನೆ. ಆಮೇಲೆ ಅದೇ ನೋಡುಗ ಇದರಲ್ಲೇನಿದೆ ಎಂದು ಕೇಳುತ್ತಾನೆ. ಚಲನೆಯ ನಯವನ್ನೇ ಗುಣದ ಅಳತೆಗೋಲು ಮಾಡಿಕೊಂಡ ರುಚಿ, ಕೆಲವು ಸೆಕೆಂಡಿನ ಹೊಡೆದಾಟದ ತುಣುಕುಗಳನ್ನು ಕತ್ತರಿಸಿ ಹಂಚುತ್ತಾ ಅದನ್ನೇ ಕಲಾವಿಮರ್ಶೆ ಎಂದು ನಂಬಿಬಿಟ್ಟಿದೆ.

ದೆಜಾಕಿ 2011ರಲ್ಲಿ, 67ನೇ ವಯಸ್ಸಿನಲ್ಲಿ ತೀರಿಕೊಂಡರು. ಹ್ಯಾಮ್ಸ್ಟರ್ ಇಲಿಯ ಮಕ್ಕಳ ಸಿನಿಮಾಗಳಿಂದ 2009ರ ಗೆಂಜಿ ಕಥೆಯವರೆಗೆ ಕೊನೆಕೊನೆಗೆ ಸಿಕ್ಕಿದ್ದೆಲ್ಲ ಮಾಡಿದರು. ಮೂರು ಸಲ ಸರಿಯುವ ಕ್ಯಾಮೆರಾ ಹಲವು ಕಡೆ ಬರೀ ರೂಢಿಯಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಹಾಗಾಗಿ ಹೊಸಬರಿಗೆ ಶುರುವಿಗೆ ಹೇಳಬೇಕಾದದ್ದು 1978ರ ‘ತಕರಾಜಿಮಾ’. ಸ್ಟೀವನ್‌ಸನ್‌ನ ‘ಟ್ರೆಷರ್ ಐಲ್ಯಾಂಡ್’, 26 ಕಂತು, ಕೊಬಯಾಶಿಯ ಸಮುದ್ರ, ಸುಗಿನೊ ಬರೆದ ಒಂಟಿಕಾಲಿನ ಸಿಲ್ವರ್. ಹುಡುಗ ಜಿಮ್ ಆ ಕೊಲೆಗಡುಕನನ್ನು ದ್ವೇಷಿಸಲಾರ, ನಂಬಲಾರ. ಕೊನೆಯ ಕಂತು ವರ್ಷಗಳನ್ನು ಹಾರಿಸಿ, ಬೆಳೆದ ಜಿಮ್‌ನನ್ನು ಮತ್ತೆ ಅವನ ಎದುರು ನಿಲ್ಲಿಸುತ್ತದೆ. ಕಾದಂಬರಿಯಲ್ಲಿ ಆ ಭೇಟಿಯೇ ಇಲ್ಲ. ಅದು ಹಿಡಿಸಿದವರು ವರ್ಸೇಲ್ಸ್‌ಗೆ ಹೋಗಲಿ, ಅಲ್ಲಿ ಮೊದಲ 18 ಕಂತುಗಳನ್ನು ಬೇಕಾದರೆ ಹಾರಿಸಿಕೊಳ್ಳಲಿ. ಆಮೇಲೆ ‘ಜೋ’ದ 79, ನಂತರ ಎರಡನೇ ‘ಜೋ’ದ 47. ಈ ಸಾಲಿನಲ್ಲಿ ಮಾತ್ರ ಒಂದನ್ನೂ ಹಾರಿಸುವಂತಿಲ್ಲ. ಎಲ್ಲವನ್ನೂ ಮಾಮೂಲಿ ವೇಗದಲ್ಲೇ ನೋಡಬೇಕು.