ಕವಿತೆಗೆ ದನಿ ಕೊಟ್ಟವರು

ಮದುವೆ ಮನೆಯಲ್ಲೋ ರಾಜ್ಯೋತ್ಸವದ ಪೆಂಡಾಲಿನಲ್ಲೋ ಯಾರಾದರೂ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯ ಎತ್ತಿಕೊಂಡರೆ, ಎರಡನೇ ಸಾಲಿಗೆ ನಾಲ್ಕಾರು ಮಂದಿ ದನಿಗೂಡಿಸುತ್ತಾರೆ. ಅವರಲ್ಲಿ ಹೆಚ್ಚಿನವರು 1942ರ ‘ಮೈಸೂರು ಮಲ್ಲಿಗೆ’ಯನ್ನು ಪುಸ್ತಕವಾಗಿ ಕಂಡವರಲ್ಲ. ಓದದ ಕವಿತೆಯನ್ನು ಬಾಯಿಪಾಠ ಮಾಡಿಸಿದ್ದು ಸುಗಮ ಸಂಗೀತ. ಆ ಸಾಧನೆ ಸಣ್ಣದಲ್ಲ. ಆದರೆ ಈಗ ಈ ಪರಂಪರೆ ಹಿರಿಯರು ಕೂಡಿಟ್ಟ ಗಂಟಿನಲ್ಲೇ ಕಾಲ ಹಾಕುತ್ತಿದೆ ಎಂಬುದು ನನ್ನ ತಕರಾರು.

ಈ ಹಾಡುಗಳು ನಾಟಿದ್ದಕ್ಕೆ ಗಾಯಕರ ಕಂಠವನ್ನೇ ಹೊಗಳುವುದು ರೂಢಿ. ಅರ್ಧ ಹೊಗಳಿಕೆ ಛಂದಸ್ಸಿಗೆ ಸಲ್ಲಬೇಕು. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ದಾರಿ ತೆರೆದ ಮೇಲೆ ನವೋದಯದ ಕವಿಗಳು ಮಾತ್ರಾಗಣಗಳನ್ನು ಹಿಡಿದೇ ಬರೆದರು. ಮೂರು ಮಾತ್ರೆಯ ನಡೆ ದಾದರಾಕ್ಕೆ, ನಾಲ್ಕರದು ಕೆಹರ್ವಾಕ್ಕೆ ತಾನಾಗಿ ಕೂರುತ್ತದೆ. ಬೇಂದ್ರೆಯವರ ಪದ್ಯ ಓದುವಾಗಲೇ ಕಾಲು ತಾಳ ಹಾಕುತ್ತದೆ. ರಾಗ ಹಾಕುವವರು ಪದವನ್ನು ಹಿಗ್ಗಿಸಬೇಕಿಲ್ಲ, ಕುಗ್ಗಿಸಬೇಕಿಲ್ಲ. ಉಸಿರು ನಿಲ್ಲುವ ಕಡೆಯೇ ಅರ್ಥವೂ ನಿಲ್ಲುತ್ತದೆ.

ಈ ಕವಿತೆಗಳನ್ನು ಹಾಡಾಗಿ ಮೊದಲು ದೊಡ್ಡ ಪ್ರಮಾಣದಲ್ಲಿ ಜನರ ಮುಂದಿಟ್ಟವರು ಪಿ. ಕಾಳಿಂಗರಾಯರು. ಮುಂದಿನ ತಿರುವು ಕ್ಯಾಸೆಟ್ಟಿನದು: 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಅಲ್ಲಿಯವರೆಗೆ ಹೆಚ್ಚಿನ ಕೇಳುಗರು ಕಛೇರಿಗೆ ಹೋಗಬೇಕಿತ್ತು, ಇಲ್ಲವೇ ಆಕಾಶವಾಣಿಯ ಹೊತ್ತು ಕಾಯಬೇಕಿತ್ತು. ಕ್ಯಾಸೆಟ್ಟನ್ನಾದರೆ ಹಿಂದಕ್ಕೆ ತಿರುಗಿಸಿ ಹತ್ತು ಸಲ ಕೇಳಿ ಕಲಿಯಬಹುದು. ಕಲಿಯಲು ಅನುವಾಗುವಂತೆಯೇ ಅನಂತಸ್ವಾಮಿಯವರ ಧಾಟಿಗಳಿವೆ: ಮೇಲಿನ ಷಡ್ಜದಾಚೆ ಹೆಚ್ಚು ಏರುವುದಿಲ್ಲ, ಗಮಕದ ತೊಡಕಿಲ್ಲ, ಶಾಲೆಯ ಮೇಷ್ಟ್ರೂ ಹಾಡಬಲ್ಲರು.

ಸಿ. ಅಶ್ವತ್ಥ್ ಬೇರೆಯದೇ ಜಾತಿ. ಅವರದು ನಾಟಕದ ಮನಸ್ಸು. ಶರೀಫರ ತತ್ವಪದದಲ್ಲಿ ಒಂದೇ ಮಾತನ್ನು ಮೂರು ಬಗೆಯಲ್ಲಿ ಹೇಳುತ್ತಾರೆ: ಮೊದಲು ಬೆಡಗಿನಂತೆ, ಆಮೇಲೆ ಗದರಿಕೆಯಂತೆ, ಕೊನೆಗೆ ಮೊರೆಯಂತೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ಕ್ಕೆ ಲಕ್ಷಕ್ಕೂ ಮೀರಿ ಜನ ಸೇರಿದ್ದು ಸುಮ್ಮನೆ ಅಲ್ಲ. ಆದರೂ ಅಶ್ವತ್ಥ್ ಕೇಳಲು ದೊಡ್ಡವರು, ಅನಂತಸ್ವಾಮಿ ಹಾಡಲು ದೊಡ್ಡವರು ಎಂದೇ ನಾನು ಹೇಳುವೆ. ನಾಡಗೀತೆಯ ಧಾಟಿ ಯಾರದಿರಬೇಕೆಂಬ ಜಗಳ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರದನ್ನೇ, ಆಲಾಪವಿಲ್ಲದೆ 2 ನಿಮಿಷ 30 ಸೆಕೆಂಡಿಗೆ, ಗೊತ್ತುಮಾಡಿತು. ಎಲ್ಲರೂ ಎದ್ದು ನಿಂತು ಹಾಡಬೇಕಾದ ಹಾಡಿಗೆ ಅದೇ ಸರಿ.

ನವ್ಯದ ಕಾಲಕ್ಕೆ ಕವಿತೆಗೂ ಹಾಡಿಗೂ ಇದ್ದ ಈ ನಂಟು ಸಡಿಲವಾಯಿತು. ಅಡಿಗರ ‘ಮೋಹನ ಮುರಳಿ’ ಎಲ್ಲರ ಬಾಯಲ್ಲಿದೆ; ‘ಭೂಮಿಗೀತ’ವನ್ನು ಹಾಡಿದ್ದನ್ನು ನಾನಂತೂ ಕೇಳಿಲ್ಲ. ಮುಕ್ತಛಂದಕ್ಕೆ ಹೊಸ ಸಂಗೀತ ಹುಡುಕುವ ಬದಲು ಸುಗಮ ಸಂಗೀತ ಹಿಂದಕ್ಕೆ ತಿರುಗಿ ಕೂತಿತು. ಕಂಬಾರರ ‘ಕಾಡು ಕುದುರೆ’ಯನ್ನು ಹಾಡಿ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು ನಿಜ, ಅಲ್ಲಿ ಜನಪದದ ಲಯ ಕೈಹಿಡಿದಿತ್ತು. ಸಿದ್ಧಲಿಂಗಯ್ಯನವರ ಹಾಡುಗಳ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಅವು ಮೆರವಣಿಗೆಗಳಲ್ಲಿ ತಮಟೆಯ ಜೊತೆ ಊರೂರಿಗೆ ಹಬ್ಬಿದವು. ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂತವರು ಆ ಹಾಡುಗಳ ಸಿಟ್ಟಿಗೆ ಜಾಗ ಕೊಟ್ಟದ್ದು ಕಡಿಮೆ. ಚಂದಿರ, ಮಲ್ಲಿಗೆ, ಶ್ರಾವಣಗಳಾಚೆಗೂ ಕನ್ನಡಿಗರಿಗೆ ಭಾವವಿದೆ ಎಂಬುದನ್ನು ಭಾವಗೀತೆಯವರೇ ಮರೆತರು.

ಈಗಿನ ಕಾರ್ಯಕ್ರಮಗಳನ್ನು ನೋಡಿ. ಕೀಬೋರ್ಡಿನ ಉದ್ದನೆಯ ಪೀಠಿಕೆ, ಅದಕ್ಕಿಂತ ಉದ್ದನೆಯ ನಿರೂಪಣೆ, ಆಮೇಲೆ ಕ್ಯಾಸೆಟ್ಟಿನಲ್ಲಿದ್ದ ಅದೇ ಧಾಟಿಯ ತದ್ರೂಪು. ಕಂಠಗಳು ಚೆನ್ನಾಗಿವೆ, ಶ್ರುತಿ ತಪ್ಪುವುದಿಲ್ಲ. ಜನ ಚಪ್ಪಾಳೆ ತಟ್ಟುವುದು ಮಾತ್ರ ಹಳೆಯ ನೆನಪಿಗೆ. ಕಾಳಿಂಗರಾಯರು ಬೇಂದ್ರೆ, ಕುವೆಂಪು ಬರೆಯುತ್ತಿದ್ದ ಕಾಲದಲ್ಲೇ ಅವರ ಪದ್ಯ ಹಾಡಿದವರು. ಸಂಘಟಕರಲ್ಲಿ, ಗಾಯಕರಲ್ಲಿ ನನ್ನ ಬೇಡಿಕೆಯೂ ಅಷ್ಟೇ: ಮುಂದಿನ ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಇಂದು ಬರೆಯುತ್ತಿರುವ ಕವಿಗಳ ಪದ್ಯಗಳಿರಲಿ.