ಕೀಲಿ ಒತ್ತಿ ನೋಡಿ, ಸಾಲು ಓದಿ ನೋಡಿ

‘ನುಡಿ’ ತಂತ್ರಾಂಶದಲ್ಲಿ ದಿನವಿಡೀ ಕನ್ನಡ ಟೈಪ್ ಮಾಡುವವರ ಕೀಬೋರ್ಡಿನಲ್ಲಿ ಎಫ್ ಕೀಲಿಗೆ ಬಿಡುವೇ ಇಲ್ಲ. ನುಡಿ ಬಳಸುವ, ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೀಲಿ ಅದು. ‘ಕ್ಕ’ ಬೇಕೆಂದರೆ ಕೆ, ಎಫ್, ಕೆ ಒತ್ತಬೇಕು. ಅದೊಂದು ಕೈಕೊಟ್ಟರೆ ‘ಅಕ್ಕ’ ಹೋಗಿ ‘ಅಕಕ’ ಮೂಡುತ್ತದೆ. ಆಗ ಬಹಳ ಜನ ನುಡಿ ತಂತ್ರಾಂಶವನ್ನೇ ಕಿತ್ತುಹಾಕಿ ಮತ್ತೆ ಹಾಕಿಕೊಳ್ಳುತ್ತಾರೆ, ಇಲ್ಲವೇ ಹೊಸ ಕೀಬೋರ್ಡ್ ತರಲು ಹೊರಡುತ್ತಾರೆ. ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಒಂದು ರೂಪಾಯಿಯೂ ಬೇಡ.

ನುಡಿಯನ್ನು ಮುಚ್ಚಿ, ಬ್ರೌಸರ್‌ನಲ್ಲಿ ‘ಕೀಬೋರ್ಡ್ ಟೆಸ್ಟರ್’ ಎಂದು ಹುಡುಕಿ. ಹತ್ತಾರು ತಾಣಗಳು ಸಿಗುತ್ತವೆ. ಪರದೆಯ ಮೇಲೆ ಕೀಬೋರ್ಡಿನ ಚಿತ್ರವಿರುತ್ತದೆ. ನೀವು ಒತ್ತಿದ ಕೀಲಿಯ ಬಣ್ಣ ಅಲ್ಲಿ ಬದಲಾಗುತ್ತದೆ. ಕೀಲಿ ಕೆಳಗಿಳಿದಾಗ ಒಂದು, ಮೇಲೆದ್ದಾಗ ಇನ್ನೊಂದು ಸುದ್ದಿ ಬ್ರೌಸರ್‌ಗೆ ಬರುತ್ತದೆ. ಆ ಸುದ್ದಿಯಲ್ಲಿ ಮೂಡಿದ ಅಕ್ಷರ ಯಾವುದು ಎಂಬುದೂ ಇರುತ್ತದೆ, ಒತ್ತಿದ ಕೀಲಿ ಮಣೆಯ ಮೇಲೆ ಯಾವ ಜಾಗದ್ದು ಎಂಬುದೂ ಇರುತ್ತದೆ. ಎಫ್‌ನ ಜಾಗ ಬೆಳಗಿತು ಎಂದರೆ ಕೀಲಿ ಸರಿಯಾಗಿದೆ, ತೊಂದರೆ ತಂತ್ರಾಂಶದ್ದು. ಬೆಳಗದಿದ್ದರೆ ತೊಂದರೆ ಕೈಯ ಕೆಳಗೇ ಇದೆ. ಇಂಥ ತಾಣಕ್ಕೆ ಯಾವ ಡೌನ್‌ಲೋಡೂ ಬೇಕಿಲ್ಲ. ಏನನ್ನಾದರೂ ಇಳಿಸಿಕೊಳ್ಳಿ ಎನ್ನುವ ತಾಣದಿಂದ ಕೂಡಲೇ ಹೊರಬನ್ನಿ. ಪಾಸ್‌ವರ್ಡ್ ಹೊಡೆದು ಕೀಲಿ ಪರೀಕ್ಷಿಸುವುದಂತೂ ಬೇಡ.

ಯಾವ ಕೀಲಿ ಸತ್ತಿದೆ ಎಂಬುದಕ್ಕಿಂತ ಯಾವ ಯಾವ ಕೀಲಿಗಳು ಒಟ್ಟಿಗೆ ಸತ್ತಿವೆ ಎಂಬುದನ್ನು ನೋಡುವುದು ಮುಖ್ಯ. ಕೀಬೋರ್ಡಿನ ಒಳಗೆ ಪ್ರತಿ ಕೀಲಿಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಮಗ್ಗದ ಹಾಸುಹೊಕ್ಕಿನ ಹಾಗೆ ಅಡ್ಡ ಗೆರೆಗಳೂ ಉದ್ದ ಗೆರೆಗಳೂ ಹಾಯ್ದಿರುತ್ತವೆ. ಅವು ಸಂಧಿಸುವಲ್ಲಿ ಒಂದೊಂದು ಕೀಲಿ. ಆದ್ದರಿಂದ ಒಂದೇ ಕೀಲಿ ಸುಮ್ಮನಾಗಿದ್ದರೆ ಅದರಡಿ ಕಸ ಕೂತಿರಬಹುದು, ರಬ್ಬರ್ ಸೋತಿರಬಹುದು, ತೆಗೆದು ಒರೆಸಿದರೆ ಸರಿಹೋಗುವ ಸಾಧ್ಯತೆ ಇದೆ. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ನಾಲ್ಕೈದು ಕೀಲಿಗಳು ಒಮ್ಮೆಗೇ ನಿಂತಿದ್ದರೆ ಗೆರೆಯೊಂದು ತುಂಡಾಗಿದೆ ಎಂದೇ ಬಹುಮಟ್ಟಿಗೆ ಹೇಳಬಹುದು. ಚಹಾ ಚೆಲ್ಲಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಅಲ್ಲಿ ಒರೆಸುವುದರಿಂದ ಪ್ರಯೋಜನ ಕಡಿಮೆ, ಕೀಬೋರ್ಡನ್ನೇ ಬದಲಿಸಬೇಕಾಗುತ್ತದೆ.

ಒಮ್ಮೆ ಒತ್ತಿದರೆ ಅಕ್ಷರ ಎರಡು ಸಲ ಬೀಳುವುದು ಬೇರೆಯೇ ಕಾಯಿಲೆ. ಒಳಗಿನ ಲೋಹದ ತುದಿಗಳು ತಾಗುವಾಗ ಕೆಲವು ಮಿಲಿಸೆಕೆಂಡ್ ಅದುರುತ್ತವೆ. ಕೀಬೋರ್ಡಿನ ಚಿಪ್ ಅಷ್ಟು ಹೊತ್ತು ಕಾದು ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಸವೆದ ಕೀಲಿ ಅದಕ್ಕಿಂತ ಹೆಚ್ಚು ಹೊತ್ತು ಅದುರಿದರೆ ಎರಡಾಗಿ ಕಾಣುತ್ತದೆ. ಇನ್ನು ಎಫ್‌ಎನ್ ಕೀಲಿ ಪರದೆಯಲ್ಲಿ ಬೆಳಗದಿದ್ದರೆ ಹೆದರಬೇಡಿ. ಸಾಮಾನ್ಯವಾಗಿ ಅದರ ಸುದ್ದಿ ಬ್ರೌಸರ್‌ವರೆಗೆ ಬರುವುದೇ ಇಲ್ಲ. ಚಿಕ್ಕ ಲ್ಯಾಪ್‌ಟಾಪಿನಲ್ಲಿ ಯು, ಐ, ಓ ಒತ್ತಿದರೆ 4, 5, 6 ಬರುತ್ತಿದೆಯೇ? ನಮ್‌ಲಾಕ್ ಆಫ್ ಮಾಡಿ, ಅಷ್ಟೇ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಮತ್ತೆಲ್ಲೇ ಆಗಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲೇ ಈ ಪರೀಕ್ಷೆ ಮಾಡಬೇಕು. ಫೋನಿನ ಹಾಟ್‌ಸ್ಪಾಟ್ ಸಾಕು. ಬೇಡ ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ.

ಕೊಳ್ಳುವ ಮುನ್ನ ನೆರವಾಗುವ ಉಚಿತ ತಾಣಗಳು ಇನ್ನೊಂದು ಬಗೆಯವೂ ಇವೆ, ಫೋನ್ ಹೋಲಿಸುವಂಥವು. ಅವುಗಳ ಸ್ವಭಾವ ಬೇರೆ. ಟೆಸ್ಟರ್ ನಿಮ್ಮ ಕೈಯಲ್ಲಿರುವ ವಸ್ತುವನ್ನೇ ಪರೀಕ್ಷಿಸುತ್ತದೆ. ಹೋಲಿಕೆಯ ಪಟ್ಟಿಯಲ್ಲಿ ಇರುವುದು ಬಹುಪಾಲು ಕಂಪನಿ ಹೇಳಿಕೊಂಡದ್ದು. 2000ದಲ್ಲಿ ಶುರುವಾದ ಜಿಎಸ್ಎಂ ಅರೀನಾ ಇವುಗಳಲ್ಲಿ ನನಗೆ ಮೆಚ್ಚು. ನಮ್ಮ ಮಾರುಕಟ್ಟೆಯ ಬೆಲೆಗೆ ಸ್ಮಾರ್ಟ್‌ಪ್ರಿಕ್ಸ್, 91ಮೊಬೈಲ್ಸ್ ಇವೆ. ಎಲ್ಲದರಲ್ಲೂ ಕಣ್ಣಿಗೆ ಮೊದಲು ರಾಚುವ ಅಂಕಿ ಮೆಗಾಪಿಕ್ಸೆಲ್. ಅದನ್ನು ದಾಟಿ ಮುಂದೆ ಹೋಗಿ. 108 ಮೆಗಾಪಿಕ್ಸೆಲ್ ಕ್ಯಾಮೆರಾಗಳು ಸಾಮಾನ್ಯವಾಗಿ ಒಂಬತ್ತು ಬಿಂದುಗಳನ್ನು ಕೂಡಿಸಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ.

ಓದಬೇಕಾದ ಸಾಲು ‘ನೆಟ್‌ವರ್ಕ್’. ಯಾರೂ ಬಿಡಿಸಿ ನೋಡದ, ಬರೀ ಬ್ಯಾಂಡುಗಳ ಅಂಕಿಗಳೇ ತುಂಬಿದ ಸಾಲು ಅದು. ಅಲ್ಲಿ 28 ಎಂದಿದ್ದರೆ ಆ ಫೋನು 700 ಮೆಗಾಹರ್ಟ್ಸ್ ತರಂಗವನ್ನು ಹಿಡಿಯುತ್ತದೆ. ಕಡಿಮೆ ಆವರ್ತನದ ತರಂಗ ಹೆಚ್ಚು ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ಹಾಯುತ್ತದೆ. ಬಿಎಸ್‌ಎನ್‌ಎಲ್‌ನ 4ಜಿ, ಜಿಯೋದ 5ಜಿ ಎರಡೂ ಈ ತರಂಗವನ್ನು ಬಳಸುತ್ತವೆ. ಟವರ್ ದೂರವಿರುವ ಮಲೆನಾಡಿನ ಒಂಟಿಮನೆಯವರಿಗೆ ಎರಡು ಫೋನುಗಳ ನಡುವೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿಲ್ಲ. ಆದರೆ 4ಜಿ ಪಟ್ಟಿಯಲ್ಲಿ 28 ಇದ್ದರೆ 5ಜಿ ಪಟ್ಟಿಯಲ್ಲೂ ಇದೆ ಎಂದುಕೊಳ್ಳಬೇಡಿ, ಎರಡನ್ನೂ ಬೇರೆ ಬೇರೆ ನೋಡಿ. ಜಿಯೋ 5ಜಿ ಬೇಕಿದ್ದರೆ ‘ಎಸ್‌ಎ’ (ಸ್ಟ್ಯಾಂಡ್‌ಅಲೋನ್) ಎಂಬ ಎರಡಕ್ಷರವೂ ಇರಬೇಕು. ಒಂದೇ ಹೆಸರಿನ ಫೋನು ಬೇರೆ ದೇಶದಲ್ಲಿ ಬೇರೆ ಬ್ಯಾಂಡುಗಳೊಡನೆ ಮಾರಾಟವಾಗುವುದುಂಟು. ಹಾಗಾಗಿ ಹೆಸರನ್ನಷ್ಟೇ ಅಲ್ಲ, ಮಾಡೆಲ್ ಸಂಖ್ಯೆಯನ್ನೂ ತಾಳೆ ನೋಡಿ. ದುಬೈಯಿಂದಲೋ ಅಮೆರಿಕದಿಂದಲೋ ನೆಂಟರು ಫೋನ್ ತರುವಾಗ ಇದು ಇನ್ನೂ ಮುಖ್ಯ.

ಎರಡನೆಯ ಸಾಲು ಸ್ಟೋರೇಜ್. 128 ಜಿಬಿ ಎಂಬುದಷ್ಟೇ ಸಾಲದು, ಅದು ಇಎಂಎಂಸಿಯೋ ಯುಎಫ್‌ಎಸ್ಸೋ ನೋಡಿ. ಮೊದಲನೆಯದು ಒಂದು ಹೊತ್ತಿಗೆ ಓದುತ್ತದೆ ಅಥವಾ ಬರೆಯುತ್ತದೆ. ಎರಡನೆಯದು ಎರಡನ್ನೂ ಒಟ್ಟಿಗೆ ಮಾಡುತ್ತದೆ. ಬೆಲೆ ಹತ್ತಿರಹತ್ತಿರವಿದ್ದರೆ ಕಣ್ಣುಮುಚ್ಚಿ ಯುಎಫ್‌ಎಸ್ ಆರಿಸಿ.

ಹಳೆಯ ಫೋನಾದರೆ ಹೋಲಿಕೆಯ ಪಟ್ಟಿ ಸಾಲದು. ಡಯಲರ್‌ನಲ್ಲಿ *#06# ಒತ್ತಿ ಐಎಂಇಐ ಸಂಖ್ಯೆ ಪಡೆದು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಹಾಕಿ. ಅದೂ ಉಚಿತವೇ. ಕಪ್ಪುಪಟ್ಟಿಯಲ್ಲಿದೆ, ನಕಲಿ ಸಂಖ್ಯೆ ಎಂದು ಬಂದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಆ ಫೋನನ್ನು ಮಾರುವವರಿಗೇ ಹಿಂದಿರುಗಿಸಿ. ಹಣ ಕೊಡುವ ಮುನ್ನವೇ ಈ ಪರೀಕ್ಷೆ ಆಗಬೇಕು.